ಮಿಸ್ತ್ರಿಯ ಮೂಗು

ಆನೆಗೊಂದಿಯ ಹೊಳೆದಂಡೆಯಲ್ಲಿ ಸರಕಾರದ ಸಣ್ಣ ಮೋಟಾರು ದೋಣಿಯನ್ನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಪೆಟ್ರೋಲನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಅಂಗೈಯಲ್ಲಿ ಒಂದು ಹನಿ ಹಾಕಿಕೊಂಡು, ಅತ್ತರಿನಂತೆ ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಯಾರಾದರೂ ಎದುರು ಮಾತಾಡಿದರೆ, “ಮೂಗಿನ ಮುಂದ ಹುಕುಂ ನಡ್ಯಂಗಿಲ್ರಿ” ಎನ್ನುತ್ತಿದ್ದ.

ಯುದ್ಧದ ಕಾಲ, ಪೆಟ್ರೋಲು ತುಪ್ಪಕ್ಕಿಂತ ಅಪರೂಪ. ಬೇಸಿಗೆಯಿಡೀ ದೋಣಿ ದಡದ ಮೇಲಿತ್ತು. ಮಳೆಗಾಲ ಬಂದಾಗ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಪೆಟ್ರೋಲನ್ನು ಮೂಸಿದವನೇ ಅವನು ಮುಖ ಸಿಂಡರಿಸಿದ.

“ಕೆಟ್ಟು ವಾರ್ನಿಸಿನಂಗ ಅಂಟಾಗೈತ್ರಿ. ಚೆಲ್ಲೂಣ್ರಿ.”

ತಹಸೀಲ್ದಾರರಿಗೆ ಸಿಟ್ಟು ಬಂತು. ಪೆಟ್ರೋಲು ಚೆನ್ನಾಗಿದೆ, ಒಂದು ಹನಿಯನ್ನೂ ಚೆಲ್ಲಕೂಡದು ಎಂದು ಹುಕುಂ ಬರೆಸಿದರು. ಬರೆದವನು ಅವರ ಗುಮಾಸ್ತನಾಗಿದ್ದ ನಾನೇ. ಮಿಸ್ತ್ರಿ ಆ ಕಾಗದವನ್ನೂ ಒಮ್ಮೆ ಮೂಸಿ ಕಿಸೆಗೆ ಹಾಕಿಕೊಂಡ.

ವಾರದ ಮೇಲೆ ತಹಸೀಲ್ದಾರರು ನಡುಗಡ್ಡೆಯ ಬೆಳೆ ನೋಡಲೆಂದು ನನ್ನನ್ನೂ ಕರೆದುಕೊಂಡು ದೋಣಿ ಹತ್ತಿದರು. ನಡುನೀರಿನಲ್ಲಿ ಮೋಟಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಿಸ್ತ್ರಿ ಹಗ್ಗ ಎಳೆದೇ ಎಳೆದ. ಮೋಟಾರು ಏಳಲಿಲ್ಲ; ದೋಣಿ ಮಾತ್ರ ಬಂಡೆಗಳ ಕಡೆಗೆ ಸರಿಯತೊಡಗಿತು. ತಹಸೀಲ್ದಾರರು ಒಂದು ಕೈಯಲ್ಲಿ ತಮ್ಮ ರೂಮಿ ಟೋಪಿಯನ್ನೂ ಇನ್ನೊಂದರಲ್ಲಿ ನನ್ನ ಕೊರಳಪಟ್ಟಿಯನ್ನೂ ಹಿಡಿದುಕೊಂಡರು.

ಅಷ್ಟರಲ್ಲಿ ಬಂಡೆಯ ಮರೆಯಿಂದ ಒಂದು ಹರಿಗೋಲು ಬಂತು. ಅಂಬಿಗ ಏನೂ ಕೇಳದೆ ನಮ್ಮ ದೋಣಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದ.

“ಶಾಭಾಸ್! ಛಲೋ ಹೊತ್ತಿಗೆ ಬಂದ,” ಎಂದರು ತಹಸೀಲ್ದಾರರು, ಉಸಿರು ಮರಳಿದ ಮೇಲೆ. “ಇವನಿಗೆ ಯಾರು ಹೇಳಿದ್ರು?”

“ನಾನ ಹೇಳಿದ್ನ್ರಿ,” ಎಂದ ಮಿಸ್ತ್ರಿ, “ತಮ್ಮ ಹುಕುಂ ಕೈಗೆ ಬಂದ ದಿನಾನ.”