ಐದನೇ ಶಾಯಿ

ಪ್ರೆಸ್ಸಿನವರೆಲ್ಲ ಅವಳನ್ನು ಅಂಚಿನಕ್ಕ ಎಂದೇ ಕರೆಯುತ್ತಿದ್ದರು. ಯಾರೇ ಫೈಲ್ ತಂದರೂ ಅವಳ ಮೊದಲ ಮಾತು, “ಅಂಚಿಗೆ ಬ್ಲೀಡ್ ಬಿಟ್ಟಿದ್ದೀರಾ?” ಕತ್ತರಿಸುವ ಗೆರೆಯಾಚೆಗೂ ಬಣ್ಣ ಸ್ವಲ್ಪ ಹರಿದಿರಬೇಕು, ಇಲ್ಲದಿದ್ದರೆ ಬ್ಲೇಡು ಕೂದಲೆಳೆಯಷ್ಟು ಸರಿದರೂ ಪುಟದ ಬದಿಯಲ್ಲಿ ಬಿಳಿ ಗೀರು ಇಣುಕುತ್ತದೆ. ಅವಳು ನೆಂಟರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರಿನ ಅಂಚನ್ನೇ ನೋಡುತ್ತಾಳೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಅಚ್ಚು ಬೇರೆಯವರ ಪ್ರೆಸ್ಸಿನಲ್ಲಿ; ಮನೆಯ ಮುಂದಿನ ಕೋಣೆಯೇ ಮನೆಯವರ ಆಫೀಸು. ಅಲ್ಲಿ ಡಿಸೈನ್ ಮಾಡುತ್ತಿದ್ದವಳು ಓರಗಿತ್ತಿ, ಮೈದುನನ ಹೆಂಡತಿ. ಅರಳು ಹುರಿದಂತೆ ಮಾತಾಡುವ ಹೆಣ್ಣು. ಗಿರಾಕಿಗಳ ಜೊತೆ ಮಾತು ಅವಳದು; ಮಾತು ಮುಗಿದ ಮೇಲಿನ ಕೆಲಸ ಅಂಚಿನಕ್ಕನದು. ಫೈಲ್ ತೆರೆದು, ಚಿತ್ರಗಳು ಮಸುಕಾಗದಂತೆ, ಅಕ್ಷರಗಳು ಹಾರಿಹೋಗದಂತೆ ನೋಡಿ, ಪರದೆಯ ಬಣ್ಣವನ್ನು ಪ್ರೆಸ್ಸಿನ ನಾಲ್ಕು ಶಾಯಿಗೆ ಹೊಂದಿಸಿ ಕಳಿಸುವುದು. ಇಬ್ಬರೂ ಒಂದೇ ಒಲೆಯ ಅಡುಗೆ ಉಂಡವರು. ಓರಗಿತ್ತಿಯ ಬಾಣಂತನ ಮಾಡಿದವಳೂ ಅಂಚಿನಕ್ಕನೇ.

ಒಂದು ದಿನ ಒಬ್ಬ ಮುದಿ ಚಿತ್ರಗಾರ ಬಂದ. ಕಣ್ಣಿನ ಬೆಳಕು ಕುಂದುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ತನ್ನ ಚಿತ್ರಗಳನ್ನೆಲ್ಲ ಒಂದು ಪುಸ್ತಕದಲ್ಲಿ ನೋಡಬೇಕು ಎಂಬುದು ಅವನ ಆಸೆ. ಚಿತ್ರಗಳ ತುಂಬ ನೀಲಿ. ಹೊಳೆಯುವ, ಆಳವಾದ ಒಂದೇ ನೀಲಿ. ಅಂಚಿನಕ್ಕ ಮಾದರಿ ಹಾಳೆ ತೆಗೆಸಿದಳು. ನೀಲಿ ಸತ್ತು ನೇರಳೆಯಾಗಿತ್ತು.

“ನಾಲ್ಕು ಶಾಯಿಯಲ್ಲಿ ಇದು ಬರಲ್ಲ ಅಜ್ಜ,” ಅಂದಳು. “ನೀಲಿಗೇ ಅಂತ ಬೇರೆ ಶಾಯಿ ಕಲೆಸಿ ಐದನೇದಾಗಿ ಹಾಕಿಸ್ತೀನಿ. ಸ್ವಲ್ಪ ತಡವಾಗುತ್ತೆ.”

“ತಡ ಆಗ್ಲಿ ಮಗಳೇ. ಆ ನೀಲಿನ ನಿನ್ನ ಕೈಗೆ ಕೊಟ್ಟಿದ್ದೀನಿ.”

ಅವಳು ಒಂದೊಂದೇ ಚಿತ್ರದಿಂದ ನೀಲಿಯನ್ನು ಬೇರ್ಪಡಿಸಿ ಐದನೇ ಪದರಕ್ಕೆ ಕೂರಿಸಿದಳು. ಹೊಸ ಮಾದರಿ ತೋರಿಸಿದಾಗ ಮುದುಕ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ನೀಲಿಯ ಮೇಲೆ ಬೆರಳಾಡಿಸುತ್ತ “ಇದೇ” ಅಂದ. ಫೈಲ್ ಪ್ರೆಸ್ಸಿಗೆ ಹೋಯಿತು. ಆ ವಾರವೇ ತಾಯಿಗೆ ಹುಷಾರಿಲ್ಲವೆಂದು ಅವಳು ತವರಿಗೆ ಹೋದಳು.

ತಿರುಗಿ ಬಂದಾಗ ಪುಸ್ತಕ ಅಚ್ಚಾಗಿ, ಹೊಲಿಗೆಯಾಗಿ, ಬಿಡುಗಡೆಯೂ ಆಗಿಹೋಗಿತ್ತು. ಮುದುಕ ಕೋಣೆಯಲ್ಲಿ ಕೂತಿದ್ದ. ಮಡಿಲಲ್ಲಿದ್ದ ಪುಸ್ತಕದ ಪ್ರತಿ ಪುಟವೂ ನೇರಳೆ.

“ಫೈಲ್ ಅಕ್ಕನೇ ನೋಡಿದ್ದು,” ಎಂದಳು ಓರಗಿತ್ತಿ ಮೆಲ್ಲಗೆ. “ಎಲ್ಲೋ ಕೈ ತಪ್ಪಿರಬೇಕು.”

ಮುದುಕ ಬೈಯಲಿಲ್ಲ. “ನಂಬಿದ್ದೆ,” ಎಂದಷ್ಟೇ ಹೇಳಿ ಗೋಡೆ ಸವರಿಕೊಂಡು ಹೊರಟ. ಅಂಚಿನಕ್ಕ ಅವನ ಹಿಂದೆ ಬೀದಿಯವರೆಗೆ ಹೋಗಿ ಕ್ಷಮೆ ಕೇಳಿದಳು. ತನ್ನದೇ ತಪ್ಪೆಂದು ಅವಳೂ ನಂಬಿದ್ದಳು. ಆಮೇಲೆ ಅನ್ನ ಸೇರಲಿಲ್ಲ. ಹಳೇ ಫೈಲನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು. ಐದನೇ ಪದರ ಇದ್ದಲ್ಲೇ ಇತ್ತು. ಕೊನೆಗೆ ಪ್ರೆಸ್ಸಿಗೇ ಹೋಗಿ ಮೆಷಿನ್ ನಡೆಸುವವನನ್ನು ಕೇಳಿದಳು.

ಅವನು ಕೈಯ ಮಸಿ ಒರೆಸುತ್ತ ಅಚ್ಚರಿಪಟ್ಟ. “ನಿಮಗೆ ಗೊತ್ತಿಲ್ವಾ? ಬಿಡುಗಡೆ ತಾರೀಖು ಹತ್ರ ಬಂತು, ಐದನೇ ಶಾಯಿ ಬೇಡ ಅಂತ ನಿಮ್ಮ ಓರಗಿತ್ತಿ ಬೇರೆ ಫೈಲ್ ಕಳಿಸಿದ್ರು. ಅಕ್ಕ ಒಪ್ಪಿದಾಳೆ ಅಂದ್ರು. ಪುಸ್ತಕದ ಕಟ್ಟು ಒಯ್ಯೋಕೆ ಬಂದಾಗ ನಿಮ್ಮ ಯಜಮಾನ್ರೂ ಹಾಗೇ ಅಂದ್ರಲ್ಲ.”

ಮೊದಲ ಮಾತನ್ನು ಅವಳು ತಡೆದುಕೊಂಡಳು. ಎರಡನೆಯದನ್ನು ಇನ್ನೊಮ್ಮೆ ಹೇಳಿಸಿ ಕೇಳಿಸಿಕೊಂಡಳು.

ಮನೆಗೆ ಬಂದಾಗ ಓರಗಿತ್ತಿ ತರಕಾರಿ ಹೆಚ್ಚುತ್ತಿದ್ದಳು. ಕೇಳಿದ್ದಕ್ಕೆ ಮುಚ್ಚಿಡಲಿಲ್ಲ. “ಹೌದು ಅಕ್ಕ. ಬಿಡುಗಡೆ ತಾರೀಖು ನಾನೇ ಹೇಳಿಬಿಟ್ಟಿದ್ದೆ, ಐದನೇ ಶಾಯಿಗೆ ಕಾದ್ರೆ ಆಗ್ತಿರ್ಲಿಲ್ಲ. ನನ್ನ ಹೆಸರು ಬಂದ್ರೆ ಗಿರಾಕಿಗಳೆಲ್ಲ ಹೋಗ್ತಾರೆ. ನೀನಾದ್ರೆ ತಡ್ಕೋತೀಯ ಅಂದ್ಕೊಂಡೆ.”

ಅಲ್ಲೇ ಕೂತಿದ್ದ ಗಂಡ ತಲೆ ತಗ್ಗಿಸಿದ. “ಮನೆ ಒಡೀಬಾರ್ದು ಅಂತ ಸುಮ್ಮನಿದ್ದೆ.”

“ನಾನು ಊಟ ಬಿಟ್ಟು ಆ ಫೈಲ್ ಹುಡುಕ್ತಿದ್ದಾಗ ಎದುರಿಗೇ ಕೂತಿದ್ರಿ. ಆಗಲೂ ಬಾಯಿ ಬರ್ಲಿಲ್ವಾ?”

ಅವನು ಎದ್ದು ಜಗಲಿಗೆ ಹೋದ.

ಮರುದಿನ ಅವಳು ಚಿತ್ರಗಾರನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಮುದುಕ ಪೂರ್ತಿ ಕೇಳಿಸಿಕೊಂಡ. “ನೀನಲ್ಲ ಅಂತ ತಿಳೀತಲ್ಲ, ಅದು ಒಳ್ಳೇದಾಯ್ತು,” ಅಂದ. “ಪುಸ್ತಕ ಮತ್ತೆ ಮಾಡಿಸ್ತೀನಿ ಅನ್ನಬೇಡ ಮಗಳೇ. ಈಗ ನೀಲಿ ಯಾವುದು, ನೇರಳೆ ಯಾವುದು ನನಗೇ ಕಾಣಲ್ಲ.”

ಅವಳು ಮುಂದಿನ ಕೋಣೆ ಬಿಟ್ಟು ಪ್ರೆಸ್ಸಿನಲ್ಲೇ ಕೆಲಸಕ್ಕೆ ಸೇರಿದಳು. ಮನೆ ಒಡೆಯಲಿಲ್ಲ, ಒಲೆಯೂ ಒಂದೇ. ಓರಗಿತ್ತಿ ಬಡಿಸಿದ್ದನ್ನು ಉಣ್ಣುತ್ತಾಳೆ, ಕೇಳಿದ್ದಕ್ಕೆ ಹ್ಞೂಂ ಅನ್ನುತ್ತಾಳೆ. ಗಂಡ ಒಮ್ಮೆ ಕೇಳಿದ, “ಇನ್ನೂ ಕೋಪನಾ?”

“ಕೋಪ ಆಗಿದ್ರೆ ಇಷ್ಟೊತ್ತಿಗೆ ಇಳೀತಿತ್ತು,” ಎಂದು ಅವಳು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟಳು.