ಕೆಳಗ ಇಡಬ್ಯಾಡ್ರಿ ಅಂದಿದ್ಲು

ಮೂರು ತಾಸು ನಾ ಒಂದು ಚಾಷ್ಟಿ ಮಾತು ಆಡ್ಲಾರ್ದೆ, ಕುಂತ ಜಾಗಾ ಬಿಟ್ಟು ಏಳ್ಲಾರ್ದೆ ಕುಂತಿದ್ದೆ. ನಂಬ್ತೀರೇನು? ಕಮಲಾಪುರದಾಗ ಯಾರರ ಒಬ್ರು ಇದನ್ನ ನಂಬಿದ್ರ ನನ್ನ ಮೀಸಿ ಬೋಳಿಸ್ಕೊಂತೀನಿ. ಹುಟ್ಟಾ ಕೆಂಪಗಿರೋ ನಮ್ಮೂರ ಬಾಳಿಹಣ್ಣಿಗೆ ಬಣ್ಣ ಬಳೀತಾರಂತ ಹೇಳಿ, ಹೊಸ ಮಾಸ್ತರ ಕೈಲೆ ಹಣ್ಣಿಗೆ ಸಬಕಾರ ಹಚ್ಚಿ ತೊಳಿಸಿದ ಗಿರಣಿ ಕಾಕಾ ಅಲ್ಲೇನ್ರಿ ನಾನು!

ಈಗ ಕಲಬುರಗಿಯಾಗ ಅದೀನಿ. ಶಹಾಬಜಾರದ ಗಲ್ಲಿಯಾಗ ಒಂದು ಖೋಲಿ. ಬಂದ ಮೊದಲನೇ ಮುಂಜಾನೆ ನಾ ಸೀನಿದೆ, ಗ್ವಾಡಿ ಆಚಿಂದ ಹೆಣ್ಣುದನಿ ಬಂತು: “ಜುಕಾಮ್ ಆಗೇದೇನ್ರಿ ಕಾಕಾ?” ಜುಕಾಮ್ ಅಂದ್ರ ನೆಗಡಿ ಅಂತ. ಅವ್ರು ರಜಿಯಾ ಬೀ, ಮನಿ ಮಾಲಕಿ. ನಮ್ಮಲ್ಲಿ ಒಬ್ಬಾವ ಸೀನಿದ್ರ ಮಗ್ಗಲ ಮನಿಗೆ ಕೇಳಂಗಿಲ್ಲ, ನಡುವ ದನದ ಕೊಟ್ಟಿಗಿ ಇರ್ತದ. ಇಲ್ಲಿ ಗ್ವಾಡಿ ಅಂದ್ರ ಪರದೆ ಇದ್ದಂಗ.

ಅದಕ್ಕಿಂತ ದೊಡ್ಡ ತ್ರಾಸು ಅಂದ್ರ, ಇಲ್ಲಿ ಯಾರೂ ನನ್ನ ಚಾಷ್ಟಿಗೆ ಅಂಜಂಗಿಲ್ಲ. ಜಗತ್ ಸರ್ಕಲ್‌ದಾಗ ಹಣ್ಣಿನಾಂವಗ, “ಈ ಕೆಂಪು ಬಾಳಿಗೆ ಬಣ್ಣ ಹಚ್ಚೀರಿ ನೀವು” ಅಂದೆ. ಅವ ತಲಿ ಸೈತ ಎತ್ತಲಿಲ್ಲ. “ಹೌದು ಕಾಕಾ. ನೀಲಿನೂ ಅದಾವ, ನಾಳಿ ಬರ್ರಿ” ಅಂದ. ಅವತ್ತು ರೊಟ್ಟಿ ಸೇರಲಿಲ್ಲ ನನಗ.

ಊರು ಬಿಟ್ಟಿದ್ದು ಸುಖಕ್ಕಲ್ರಿ. ನನ್ನ ಹೆಂಡ್ತಿ ನೀಲಮ್ಮನ ಹೊಟ್ಟ್ಯಾಗ ಗಡ್ಡಿ ಬೆಳದಿತ್ತು. “ಅಮ್ಮನ್ನ ಬಸ್ಸಿನಾಗ ಓಡ್ಯಾಡಿಸಬ್ಯಾಡ್ರಿ, ದವಾಖಾನಿ ಹತ್ರ ಇರ್ರಿ” ಅಂದ್ರು ಡಾಕ್ಟರು. ಮಗಳು ಸೋಲಾಪುರದಾಗ ಬಾಣಂತಿ. ಹಿಟ್ಟಿನ ಗಿರಣಿಗೆ ಕೀಲಿ ಹಾಕಿ ಇಬ್ರೂ ಬಂದ್ವಿ. ನಾ ಹಗಲೆಲ್ಲಾ ನಗಸ್ತಿದ್ದೆ, ರಾತ್ರಿ ಎದ್ದು ಎದ್ದು ಅಕಿ ಉಸುರು ನೋಡ್ತಿದ್ದೆ. ಅಕಿ ಮಾತ್ರ ಕೊಳ್ಳಾಗಿನ ಲಿಂಗ ಮುಟ್ಟಿ, “ಅಂವ ನೋಡ್ಕೊತಾನ” ಅಂತಿದ್ಲು. “ಎಲ್ಲಿ ನೋಡ್ಕೊತಾನ? ಅಂವಗೇನು ಶಹಾಬಜಾರದ ಗಲ್ಲಿ ಗೊತ್ತದೇನು?” ಅಂತಿದ್ದೆ ನಾ.

ಆಪರೇಷನ್ ದಿನ ನರ್ಸಬಾಯಿ ಬಂದು ಬಳಿ, ತಾಳಿ, ಮೂಗುಬಟ್ಟು ಎಲ್ಲಾ ತೆಗಿಸಿದ್ಲು. ಕಡೀಕ ಕೊಳ್ಳಾಗಿನ ಲಿಂಗದ ದಾರಕ್ಕ ಕೈ ಹಾಕಿದ್ಲು. ನೀಲಮ್ಮ ಗಪ್ಪನೆ ಕೈ ಹಿಡಕೊಂಡ್ಲು.

“ಅಮ್ಮಾ, ಒಳಗ ಏನೂ ಒಯ್ಯಂಗಿಲ್ರಿ. ಲಾಕರ್ ಅದ, ಅದ್ರಾಗ ಇಡ್ತೀನಿ.”

“ಲಾಕರದಾಗ ಇಡ್ಲಿಕ್ಕ ಅದೇನು ಒಡವಿ ಏನವ್ವಾ? ಮೈಮ್ಯಾಲ ಇರೋದು ಅದು. ಅದನ್ನ ಬಿಟ್ಟು ನಾ ಒಳಗ ಬರಂಗಿಲ್ಲ.”

ಡಾಕ್ಟರು ಬಂದು ಹೇಳಿದ್ರು, ಸಿಟ್ಟಿಗೆದ್ರು. ತಡ ಮಾಡಿದ್ರ ಗಡ್ಡಿ ಕಾಯಂಗಿಲ್ಲ ಅಂದ್ರು. ಅಕಿ ಹಿಡಿದ ಕೈ ಸಡ್ಲ ಮಾಡ್ಲಿಲ್ಲ. ಕಡೀಕ ನನ್ನ ಕಡೆ ತಿರುಗಿದ್ಲು.

ಇಲ್ಲೊಂದು ಮಾತು ಹೇಳ್ಬೇಕು. ನನ್ನ ಲಿಂಗ ಹೋಗಿ ಇಪ್ಪತ್ತು ವರ್ಷ ಆತು. ಪಂಥ ಕಟ್ಟಿ ಬಾವಿಗೆ ಜಿಗದಾಗ ದಾರ ಹರದು ತಳಕ್ಕ ಹೋಯ್ತು. ಮಠಕ್ಕ ಹೋಗಿ ತಪ್ಪಾತು ಅಂದು ಬ್ಯಾರೆ ತಗೋಬೇಕಿತ್ತು, ನಾ ಹೋಗ್ಲಿಲ್ಲ. ಅಂಥಾ ನನ್ನ ಎಡ ಅಂಗೈ ತಗೊಂಡು, ತನ್ನ ಲಿಂಗ ಬಿಳಿ ಅರಿವ್ಯಾಗ ಸುತ್ತಿ ಅಕಿ ಇಟ್ಲು.

“ನಾ ಬರೋತನಕ ಕೆಳಗ ಇಡಬ್ಯಾಡ್ರಿ. ಚಾಷ್ಟಿ ಮಾಡಬ್ಯಾಡ್ರಿ.”

“ಲೇ, ನನ್ನ ಕೈಯಾಗ ಯಾಕ ಕೊಡ್ತಿ? ನಾ ಎಂಥಾವ ಅಂತ…”

“ಅಂವ ನನ್ನ ನೋಡ್ಕೊತಾನ. ನೀವು ಅವನ್ನ ನೋಡ್ಕೋರಿ.”

ಬಾಗಲ ಮುಚ್ಚಿತು.

ಒಂದು ತಾಸು ಅಂದಿದ್ರು. ಒಂದು ತಾಸು ಆತು, ಮತ್ತ ಅರ್ಧ ತಾಸು ಆತು. ಬಾಗಲ ಮ್ಯಾಲಿನ ಕೆಂಪು ದೀಪ ಆರಲಿಲ್ಲ. ಕೈ ಜೋಮು ಹಿಡೀತು. ಮೂಗಿನ ಮ್ಯಾಲ ನೊಣ ಕುಂತ್ರೂ ಹೊಡಿಲಿಲ್ಲ, ಅಳ್ಳಾಡಿದ್ರ ಕೈಯಾಗಿಂದು ಜಾರೀತಂತ. ರಜಿಯಾ ಬೀ ಚಹಾ ತಂದಿದ್ರು. ನನ್ನ ಕೈ ನೋಡಿದ್ರು. ತಮ್ಮ ಶಾಲು ಮಡಚಿ ನನ್ನ ಮೊಣಕೈ ಕೆಳಗ ಕೊಟ್ರು. “ಆರಾಮ್‌ಸೆ ಹಿಡೀರಿ ಕಾಕಾ” ಅಂದ್ರು.

ಅಷ್ಟ್ರಾಗ ನರ್ಸಬಾಯಿ ಓಡಿ ಬಂದ್ಲು. ಮಾರಿ ಬೆಳ್ಳಗಾಗಿತ್ತು. “ರಕ್ತ ಭಾಳ ಹೋಗಾಕತ್ತದ್ರಿ. ಇನ್ನೂ ಬೇಕು. ನಿಮ್ಮಂದಿ ಯಾರರ ಅದಾರೇನು?”

ನಮ್ಮಂದಿ! ಕಮಲಾಪುರದಾಗ ಆಗಿದ್ರ ಬಸ್‌ಸ್ಟ್ಯಾಂಡಿನಾಗ ನಿಂತು ಒಂದು ಕೂಗು ಹಾಕಿದ್ರ ಓಣಿಗೆ ಓಣಿನೇ ಬರ್ತಿತ್ತು, ನನ್ನ ಬೈಕೊಂತ ಬರ್ತಿತ್ತು. ಇಲ್ಲಿ ನನ್ನ ಹೆಸರು ಗೊತ್ತಿದ್ದವರೇ ಇಲ್ಲ. “ನನ್ನದು ತಗೋರಿ” ಅಂದೆ. “ನಿಮ್ಮ ವಯಸ್ಸಿಗೆ ತಗೊಳಂಗಿಲ್ಲ ಅಜ್ಜಾ” ಅಂದು, ಒಂದು ಕಾಗದಕ್ಕ ನನ್ನ ಬಲಗೈಲೆ ಸಹಿ ಹಾಕಿಸ್ಕೊಂಡು ಹೋದ್ಲು.

ಆಗ ಅಂಗೈ ಕಡೆ ನೋಡಿದೆ. ಮನಸ್ಸಿನಾಗೇ ಬೈದೆ: ಲೇ, ಚಾಷ್ಟಿ ಮಾಡೋದು ನನ್ನ ಕೆಲಸ. ನೀ ಮಾಡಬ್ಯಾಡ. ಅಕಿ ನಿನ್ನ ಒಂದು ದಿನ ಬಿಟ್ಟಾಕಿ ಅಲ್ಲ. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋ, ಬಾವ್ಯಾಗ ಬಿಟ್ಟಾವ ನಾನು.

ಅರಿವಿ ಬೆಚ್ಚಗಿತ್ತು. ಅದು ನನ್ನ ಕೈಯದೇ ಕಾವು ಅಂತ ನನಗೂ ಗೊತ್ತದ್ರಿ, ನಾ ಅಷ್ಟು ಹುಚ್ಚ ಅಲ್ಲ. ಆದ್ರ ಆ ಕಾವು ಹಿಡಕೊಂಡೇ ಕುಂತೆ. ಹಿಡಕೊಳ್ಳಾಕ ಬ್ಯಾರೆ ಏನಿತ್ತು?

ರಜಿಯಾ ಬೀ ಎದ್ದು ಹೋಗಿ ಫೋನ್ ಹಚ್ಚಿದ್ರು. ಜರಾ ಹೊತ್ತಿಗೆ ಶಹಾಬಜಾರದ ನಾಲ್ಕು ಮಂದಿ ಮೆಟ್ಟಲ ಹತ್ತಿ ಬಂದ್ರು. ಒಬ್ಬನ ಮಾರಿನೂ ನನಗ ಗುರುತಿಲ್ಲ. “ನೀವೇನ್ರಿ ಆ ಸೀನೋ ಕಾಕಾ?” ಅಂದ ಒಬ್ಬ, ಅಂಗಿ ತೋಳು ಮ್ಯಾಲ ಮಾಡ್ಕೊಂತ ರಕ್ತ ಕೊಡಾಕ ಒಳಗ ಹೋದ. ದೇವ್ರಿಗೆ ಗಲ್ಲಿ ಗೊತ್ತದೋ ಇಲ್ಲೋ ಅಂತ ನಾ ಕೇಳಿದ್ದೆನಲ್ಲ, ಆ ಮಾತು ನೆನಪಾತು.

ಮೂರು ತಾಸಿಗೆ ದೀಪ ಆರಿತು. “ಗಡ್ಡಿ ತೆಗದೀವಿ ಅಜ್ಜಾ. ಜೀವಕ್ಕ ಈಗ ಅಪಾಯ ಇಲ್ಲ” ಅಂದ್ರು ಡಾಕ್ಟರು. ನೀಲಮ್ಮ ಕಣ್ಣು ತಗದು, “ನನಗ ಗೊತ್ತಿತ್ತು, ನೀವು ಕೆಳಗ ಇಡಂಗಿಲ್ಲಂತ” ಅಂದ್ಲು.

ಗಡ್ಡಿ ಮತ್ತ ಬರಬಹುದು, ಬರ್ಲಿಕ್ಕಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಅದಕ್ಕ ಖೋಲಿ ಬಿಟ್ಟಿಲ್ಲ. ನಾ ದೊಡ್ಡ ಭಕ್ತ ಆದೆ ಅಂತ ತಿಳ್ಕೋಬ್ಯಾಡ್ರಿ, ತಪಾಸಣಿ ದಿನ ಬಂದ್ರ ಈಗೂ ಅಂಜ್ತೀನಿ. ಮೊನ್ನೆ ಕಮಲಾಪುರಕ್ಕ ಹೊಂಟಿದ್ವಿ. ಅರ್ಧ ದಾರ್‍ಯಾಗ ನೀಲಮ್ಮ, “ಮನಿ ಕೀಲಿ ಹಾಕೀರಿಲ್ಲ?” ಅಂದ್ಲು. ಯಾವ ಮನಿ ಅಂತ ನಾ ಕೇಳಲಿಲ್ಲ. ಕೇಳಿದ್ರ ಅಕಿಗೂ ಹೇಳಾಕ ಬರ್ತಿದ್ದಿಲ್ಲ, ನನಗೂ ತಿಳೀತಿದ್ದಿಲ್ಲ.

ಇದ್ರಾಗ ಒಂದು ಮಾತು ನಾ ಕಟ್ಟಿ ಹೇಳಿದ್ದು, ಉಳಿದಿದ್ದೆಲ್ಲಾ ಖರೆ. ನೀಲಮ್ಮ ಎಚ್ಚರಾದಾಗ “ನನಗ ಗೊತ್ತಿತ್ತು” ಅನ್ಲಿಲ್ಲ. ಏನೂ ಅನ್ಲಿಲ್ಲ. ಕಣ್ಣು ತಗದಾಕಿ ಮೊದಲ ನನ್ನ ಕೈ ನೋಡಿದ್ಲು. ತನ್ನ ಲಿಂಗ ತಾ ತಗೊಂಡು ಎದಿಮ್ಯಾಲ ಇಟ್ಕೊಂಡು ಮತ್ತ ಮಲಗಿದ್ಲು. ನನ್ನ ಮಾರಿ ನೋಡಿದ್ದು ಮರುದಿನ.