ಡ್ರಮ್ಮಿನವನಿಗಾಗಿ ಕಾದವರು

ಒಂಟಿಕೊಪ್ಪಲಿನ ಚಿಕ್ಕಪ್ಪನ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಯಾರೂ ಮಲಗುವುದಿಲ್ಲ. ನಡುಮನೆಯ ಫ್ಯಾನು ನಿಲ್ಲಿಸಿ, ಅದರ ಗರಗರವೂ ಅಡ್ಡ ಬರದಂತೆ ಮಾಡಿಕೊಂಡು, ಒಂದು ಹಾಡು ಕೇಳಬೇಕು. ಹಾಡೆಂದರೆ ಮೂರು ನಿಮಿಷದ್ದಲ್ಲ, ಪ್ರೊಗ್ರೆಸಿವ್ ರಾಕ್. ಇಪ್ಪತ್ತು ನಿಮಿಷ ನಡೆಯುವ, ನಡುವೆ ನಾಲ್ಕಾರು ಸಲ ತಾಳ ಬದಲಾಯಿಸುವ, ಗಿಟಾರು ಮಾತಾಡುತ್ತಿರುವಾಗಲೇ ಕೊಳಲು ಬಾಯಿ ಹಾಕುವಂಥದ್ದು. ಅದರಲ್ಲೂ ಹೆಸರುವಾಸಿಯಾದವರು ಬೇಡ. ಹಂಗೇರಿಯಲ್ಲೋ, ಚಿಲಿಯಲ್ಲೋ, ಟರ್ಕಿಯಲ್ಲೋ ಒಂದೇ ಒಂದು ಆಲ್ಬಮ್ ಮಾಡಿ ಕಾಣೆಯಾದವರನ್ನು ಹುಡುಕಿ ತರಬೇಕು. ಒಂದು ವಾರ ಚಿಕ್ಕಪ್ಪನ ಸರದಿ, ಒಂದು ವಾರ ನನ್ನದು.

ಚಿಕ್ಕಪ್ಪ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವರ ಹುಡುಕಾಟವೆಲ್ಲ ಕಂಪನಿ ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಮೆಷಿನ್ನಿನ ಸದ್ದು ಸಾಲದು ಅಂತ ಮನೆಗೂ ಗಲಾಟೆ ಹೊತ್ತು ತರುತ್ತಾರೆ ಎಂಬುದು ಚಿಕ್ಕಮ್ಮನ ಖಾಯಂ ದೂರು.

ಒಂದು ಭಾನುವಾರ ಅವರು ಪೆರುವಿನದೆಂದು ಒಂದು ಹಾಡು ತಂದರು. ಇಂಟರ್‌ನೆಟ್ಟಿನಲ್ಲಿ ಅದರದು ಒಂದೇ ವಿಡಿಯೊ. ಚಿತ್ರದ ಜಾಗದಲ್ಲಿ ಮಸುಕಾದ ಒಂದು ಗುಡ್ಡ. ವಾರವೆಲ್ಲ ಬಸ್ಸಿನಲ್ಲಿ ಅದನ್ನೇ ಕೇಳಿದ್ದರಂತೆ. ಹಾಡು ಮುಗಿದಾಗ ಕನ್ನಡಕ ತೆಗೆದು ಒರೆಸಿಕೊಂಡು, "ಈ ಕೊಳಲಿನವ್ನು ಜೀವನದಲ್ಲಿ ಇದೊಂದೇ ನುಡಿಸಿದ್ರೂ ಸಾಕು ಕಣೆ," ಅಂದರು.

ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು. ಯಾರು ಈ ಕೊಳಲಿನವನು ಎಂದು ಕೇಳಿದೆ. ಹೆಸರಿಲ್ಲ. ಯಾವ ಊರು? ಗೊತ್ತಿಲ್ಲ. ಹಳೆಯ ಕ್ಯಾಸೆಟ್ಟು, ಪತ್ರಿಕೆಯ ತುಣುಕು, ಕೇಳಿದ್ದೆ ಎನ್ನುವ ಒಬ್ಬ ಮನುಷ್ಯ, ಏನೂ ಇಲ್ಲ. ಈಗ ಕಂಪ್ಯೂಟರು ಇಂಥ ಹಾಡುಗಳನ್ನು ಗಂಟೆಗೊಂದರಂತೆ ಹೊಸೆದು, ಹಳೆಯ ಕಾಲದ್ದೆಂದು ಸುಳ್ಳು ಮುಖಪುಟ ಅಂಟಿಸಿ ಬಿಡುತ್ತದೆ. ಇದೂ ಅಂಥದ್ದೇ ಇರಬೇಕು ಎಂದು ವಾದ ಮಂಡಿಸಿದೆ. ವಾದದಲ್ಲಿ ತಪ್ಪಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

"ಆಯ್ತು ಬುಡು, ಲಾಯರಮ್ಮ," ಅಂದ ಚಿಕ್ಕಪ್ಪ ಫೋನನ್ನು ಮಗುಚಿ ಇಟ್ಟರು.

ಮುಂದಿನ ಭಾನುವಾರ ಹೋದರೆ ಫ್ಯಾನು ತಿರುಗುತ್ತಿತ್ತು. ಚಿಕ್ಕಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅದರ ಮುಂದಿನ ವಾರವೂ ಹಾಗೇ. ಸೊಪ್ಪು ಬಿಡಿಸುತ್ತಿದ್ದ ಚಿಕ್ಕಮ್ಮ ಅಡುಗೆಮನೆಗೆ ನನ್ನನ್ನು ಕರೆದರು.

"ಬಸ್ಸಲ್ಲೂ ಕೇಳ್ತಿಲ್ವಂತೆ ಕಣೆ. ಅಸಲಿ ಯಾವ್ದು ನಕಲಿ ಯಾವ್ದು ತಿಳೀದಿರೋ ಕಿವಿ ಇಟ್ಕೊಂಡು ಏನ್ ಕೇಳೋದು ಅಂತಾರೆ. ನೀನೇ ಏನಾದ್ರೂ ಮಾಡು. ಮನೆ ಬಿಕೋ ಅನ್ನತ್ತೆ."

ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಆದರೆ ನಮ್ಮ ಚರ್ಚಾ ತಂಡದಲ್ಲಿ ಒಂದು ಕಟ್ಟುಪಾಡಿತ್ತು: ಒಂದು ಪಕ್ಷ ವಹಿಸಿ ಮಾತಾಡಿದವರು ಟೀ ಕುಡಿದು ಬಂದು ಎದುರು ಪಕ್ಷವನ್ನೂ ಅಷ್ಟೇ ಜೋರಾಗಿ ವಾದಿಸಬೇಕು. ಆ ಲೆಕ್ಕದಲ್ಲಿ ನನ್ನ ಕೆಲಸ ಅರ್ಧಕ್ಕೇ ನಿಂತಿತ್ತು. ಹಾಡಿನ ಪರವಾಗಿ ಅಂಶಗಳು ಬೇಕಿದ್ದವು. ಹಾಗಾಗಿ ಕೂತು ಕೇಳಿದೆ. ಈ ಸಲ ಹುಳುಕು ಹುಡುಕಲಿಲ್ಲ.

ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ತಾಳ ಬದಲಾಗುವ ಕಡೆ, ಡ್ರಮ್ಮಿನವನು ತಪ್ಪುತ್ತಾನೆ. ಒಂದು ಪೆಟ್ಟು ತಡ. ಆಮೇಲೆ ಎಲ್ಲಿ ಸೇರಬೇಕೆಂದು ತಿಳಿಯದೆ ಸುಮ್ಮನಾಗುತ್ತಾನೆ. ಉಳಿದವರು ಅವನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಬೇಸ್ ಗಿಟಾರು ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಕೊಳಲು ಅದೇ ಸಾಲನ್ನು ಮತ್ತೆ ಮತ್ತೆ ಸುತ್ತುತ್ತದೆ. ಅವನು ಬಂದು ಸೇರಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ.

ಭಾನುವಾರ ನಾನೇ ಫ್ಯಾನು ಆರಿಸಿ, ಎದುರು ಪಕ್ಷದ ವಾದ ಬಾಕಿಯಿದೆ, ತೀರ್ಪುಗಾರರು ಎದ್ದು ಕೂರಬೇಕು ಅಂದೆ. ಸೆಕೆಗೋ ಕುತೂಹಲಕ್ಕೋ, ಚಿಕ್ಕಪ್ಪ ಎದ್ದರು. ಆ ಭಾಗ ಹಾಕಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಕತ್ತಿಯನ್ನೇ ನನ್ನ ಕಡೆ ತಿರುಗಿಸಿದರು.

"ಮೆಷಿನ್ನಿಗೆ ತಪ್ಪು ಮಾಡೋದನ್ನೂ ಕಲಿಸ್ಬೋದಲ್ವಾ?"

"ತಪ್ಪೋದು ಕಲಿಸ್ಬೋದು ಚಿಕ್ಕಪ್ಪ. ಕಾಯೋದು ಕಲಿಸ್ಬೇಕು ಅಂತ ಯಾರಿಗಾದ್ರೂ ಹೊಳೆದಿರುತ್ತಾ ಅನ್ನೋದೇ ನನ್ನ ಅನುಮಾನ."

"ಅನುಮಾನ ಸಾಕ್ಷಿ ಅಲ್ಲ, ನೀನೇ ಹೇಳ್ತಿರ್ತೀಯ. ನಕಲಿ ಅಂದ ನಿನ್ನ ಮೊದಲನೇ ಭಾಷಣಕ್ಕೇ ಜಾಸ್ತಿ ಮಾರ್ಕ್ಸು." ಅವರು ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು ನೇರವಾಗಿ ಕೂತರು. "ಆ ಕಾಯೋ ಜಾಗ ಇನ್ನೊಂದ್ಸಲ ಹಾಕು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, ಪಾಪ ಆ ಡ್ರಮ್ಮಿನವನು ಬಂದು ಸೇರಿದನಾ ಎಂದು ಕೇಳಿ, ಸೇರಿದ ಅಂದ ಮೇಲೆಯೇ ಒಳಗೆ ಹೋದರು.

ಆ ಹಾಡು ನುಡಿಸಿದ್ದು ಮನುಷ್ಯರೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮರುವಾರ ಚಿಕ್ಕಪ್ಪ ಬಲ್ಗೇರಿಯಾದ್ದೊಂದು ತಂದರು. ನಾನು ಬಾಯಿ ತೆಗೆಯುವ ಮೊದಲೇ, ನುಡಿಸಿದವರ ಹೆಸರುಗಳನ್ನೆಲ್ಲ ಫೋನಿನಲ್ಲಿ ತೋರಿಸಿದರು. ಇನ್ನೊಂದು ಸಾಕ್ಷಿ ಕೇಳಿದೆ. ಅವರು ಎದ್ದು ಹೋಗಿ ಫ್ಯಾನು ಆರಿಸಿದರು.